ಬನ್ನಿ ಬನ್ನಿ ಎಂದು ಬಾಗಿಲಿಗೇ ಅಡ್ಡ ನಿಂತರೆ

ಚಿತ್ರ ಬರೆಯುವವರ ತಲೆಯೊಳಗಿನ ಚಿತ್ರ ಬಾಣಲೆಯಿಂದ ಈಗಷ್ಟೇ ಎತ್ತಿದ ಬೋಂಡದ ಹಾಗೆ. ಬಿಸಿ ಇರುವಾಗಲೇ ಕಾಗದಕ್ಕೆ ಬೀಳಬೇಕು. ಕಂಪ್ಯೂಟರಿನಲ್ಲಿ ಬರೆಯುವವರ ಪಾಡೆಂದರೆ, ಅವರಿಗೂ ಕಾಗದಕ್ಕೂ ನಡುವೆ ಒಬ್ಬ ದ್ವಾರಪಾಲಕ ನಿಂತಿರುತ್ತಾನೆ. ಹೆಸರು ಸ್ವಾಗತ ಪರದೆ: ಚಿತ್ರ ಬರೆಯುವ ತಂತ್ರಾಂಶ ತೆರೆದಾಗ ಹಾಳೆಗೂ ಮೊದಲು ಎದುರಾಗುವ ಪುಟ. ಕೈ ಮುಗಿದು ನಗುತ್ತಾನೆ, ದಾರಿ ಮಾತ್ರ ಬಿಡುವುದಿಲ್ಲ.

1984ರಲ್ಲಿ ಆಪಲ್ ಕಂಪನಿಯ ಬಿಲ್ ಅಟ್ಕಿನ್ಸನ್ ಮಾಡಿದ ಚಿತ್ರ ಬರೆಯುವ ತಂತ್ರಾಂಶ ಮ್ಯಾಕ್‌ಪೇಂಟಿಗೆ ಈ ತಾಪತ್ರಯ ಇರಲಿಲ್ಲ. ಅದರ ಹಾಳೆಯ ಅಳತೆ ಒಂದೇ: 576×720 ಚುಕ್ಕೆ. ಪ್ರತಿ ಚುಕ್ಕೆಯೂ ಕಪ್ಪು, ಇಲ್ಲವೇ ಬಿಳಿ. ಹಾಳೆಯ ಲೆಕ್ಕವೆಲ್ಲ ಸೇರಿ 51,840 ಬೈಟ್. ಕೇಳಲು ಏನೂ ಇಲ್ಲದ ಮೇಲೆ ಕೇಳುವ ಪರದೆ ಯಾಕೆ? ಈಗ ಹಾಗಲ್ಲ. ಅಗಲ ಎಷ್ಟು, ಎತ್ತರ ಎಷ್ಟು, ಅಳತೆ ಇಂಚಿನಲ್ಲೋ ಪಿಕ್ಸೆಲ್ಲಿನಲ್ಲೋ, ರೆಸಲ್ಯೂಶನ್ ಎಷ್ಟು, ಬಣ್ಣಕ್ಕೆ 8 ಬಿಟ್ಟೋ 16 ಬಿಟ್ಟೋ. ಪಡಿತರ ಚೀಟಿಗೆ ಅರ್ಜಿ ಹಾಕಿದವರನ್ನೂ ಇಷ್ಟು ಕೇಳುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ತೆರೆದ ಕೂಡಲೇ ಪರದೆಯ ನಡುವೆ ಚೌಕಟ್ಟಿಲ್ಲದೆ ತೇಲುವ ಚಿತ್ರವಿದೆಯಲ್ಲ, ಅದು ಸ್ಪ್ಲಾಶ್. ಅದು ಸ್ವಾಗತವೇ ಅಲ್ಲ. ಒಳಗೆ ಅನ್ನ ಇನ್ನೂ ಬೆಂದಿಲ್ಲ ಎಂಬುದನ್ನು ಮರೆಮಾಡುವ ಉಪಾಯ. ಅದರ ಹಿಂದೆ ಫಾಂಟುಗಳ ಎಣಿಕೆ, ಪ್ಲಗಿನ್ನುಗಳ ಹಾಜರಿ, ಬ್ರಶ್ಶುಗಳ ಜೋಡಣೆ ನಡೆದಿರುತ್ತದೆ. ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶವನ್ನೇ ತೆಗೆದುಕೊಳ್ಳಿ (ಸ್ವೀಡಿಷ್ ಭಾಷೆಯಲ್ಲಿ ಆ ಪದಕ್ಕೆ ಸೀಮೆಸುಣ್ಣ, ಬಣ್ಣದ ಕಡ್ಡಿ ಎಂಬ ಅರ್ಥ, ನಮ್ಮ ಬಳಪದ ದೂರದ ನೆಂಟ ಅನ್ನಬಹುದು). ಅದರ ಜೊತೆಗೇ ನೂರಕ್ಕೂ ಹೆಚ್ಚು ಬ್ರಶ್ಶುಗಳು ಬರುತ್ತವೆ. 5.0ನೆಯ ಆವೃತ್ತಿಯಿಂದ ಇವುಗಳ ಲೆಕ್ಕವೆಲ್ಲ ಒಂದು ಎಸ್‌ಕ್ಯುಲೈಟ್ ಡೇಟಾಬೇಸಿನಲ್ಲಿ ಕೂತಿದೆ. ಮೊದಲ ಸಲ ಆ ಖಾತೆ ಪುಸ್ತಕವನ್ನೇ ಹೊಸದಾಗಿ ಬರೆಯಬೇಕು, ಅದಕ್ಕೆ ತಡ. ಎರಡನೆಯ ಸಲಕ್ಕೆ ಅಷ್ಟು ಕಾಯಬೇಕಿಲ್ಲ.

ಸ್ಪ್ಲಾಶ್ ಕೆಳಗಿನ ಪಟ್ಟಿ 90ರವರೆಗೆ ಓಡಿಹೋಗಿ ಅಲ್ಲೇ ಕೂತುಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಕಾರಣ ಸರಳ. ಹತ್ತು ಕೆಲಸ ಇದೆಯೆಂದು ತಲಾ ಹತ್ತು ಶೇಕಡಾ ಹಂಚಿರುತ್ತಾರೆ. ಒಂಬತ್ತು ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಹತ್ತನೆಯದು ಫಾಂಟ್ ಓದುವುದು. ಡಿಟಿಪಿ ಅಂಗಡಿಯ ಕಂಪ್ಯೂಟರಾದರೆ ಮುಗಿಯಿತು: ನುಡಿ, ಬರಹ, ಶ್ರೀಲಿಪಿ ಎಂದು ಇಪ್ಪತ್ತು ವರ್ಷದಿಂದ ಸುರಿದ ಫಾಂಟುಗಳೆಲ್ಲ ಸರದಿಯಲ್ಲಿ ನಿಂತಿರುತ್ತವೆ. ಕೆಲಸಗಳನ್ನು ಎಣಿಸುವ ಬದಲು ಹಿಂದಿನ ಸಲ ಯಾವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟು, ಅದರಂತೆ ಶೇಕಡಾ ಹಂಚಬೇಕು. ಅದಾಗದಿದ್ದರೆ ಪಟ್ಟಿಯನ್ನೇ ಕಿತ್ತು, ‘ಫಾಂಟ್ ಓದುತ್ತಿದೆ’ ಎಂದು ಒಂದು ಸಾಲು ಹಾಕಿ. ಯಾಕೆ ಕಾಯುತ್ತಿದ್ದೇವೆಂದು ಗೊತ್ತಾದರೆ ಜನ ಕಾಯುತ್ತಾರೆ. ಬಸ್ ನಿಲ್ದಾಣದಲ್ಲಿ ಇಷ್ಟು ವರ್ಷದಿಂದ ಮಾಡುತ್ತಿರುವುದು ಅದನ್ನೇ ತಾನೆ.

ಸ್ಪ್ಲಾಶ್ ಚಿತ್ರದ ಆಯ್ಕೆಯೂ ಸೂಕ್ಷ್ಮ. ಕ್ರಿತಾಗೆ ಕಿಕಿ ಎಂಬ ಅಳಿಲಿದೆ. ಟೈಸನ್ ಟ್ಯಾನ್ ಎಂಬ ಕಲಾವಿದ ರೂಪಿಸಿದ್ದು. ಅಳಿಲು ಹೆದರಿಸುವುದಿಲ್ಲ, ಅದೇ ಅದರ ದೊಡ್ಡ ಗುಣ. ಹೊಸಬರು ಬರೆಯಲು ಬಂದ ಜಾಗದಲ್ಲಿ ಬಾಗಿಲಲ್ಲೇ ಒಂದು ಮಹಾಕೃತಿ ತೂಗುಹಾಕಿದರೆ ಅವರ ಕೈ ಅಲ್ಲೇ ತಣ್ಣಗಾಗುತ್ತದೆ. ಒಂದು ಮೂಲೆಯಲ್ಲಾದರೂ ಕಚ್ಚಾ ಗೆರೆ ಕಾಣುವ ಚಿತ್ರ ಒಳ್ಳೆಯದು ಎನ್ನುವುದು ನಮ್ಮ ಪಕ್ಷಪಾತ. ಇನ್ನು ಬೆಳ್ಳಗಿನ ಮೋಡದ ಮೇಲೆ ಬೆಳ್ಳಗಿನ ಅಕ್ಷರದಲ್ಲಿ ಆವೃತ್ತಿ ಸಂಖ್ಯೆ ಬರೆಯುವವರಿದ್ದಾರೆ. ಏನಾದರೂ ಕೆಟ್ಟಾಗ ದೂರು ಕೇಳುವವರ ಮೊದಲ ಪ್ರಶ್ನೆಯೇ ಆ ಸಂಖ್ಯೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಇರಲಿ. ಇಲ್ಲವಾದರೆ ಕೆಳಗೆ ಒಂದು ಗಾಢ ಬಣ್ಣದ ಪಟ್ಟಿ ಎಳೆದು ಅದರ ಮೇಲೆ ಬರೆಯಿರಿ. 600×400ರ ಒಂದೇ ಚಿತ್ರ ಕೊಟ್ಟು ಸುಮ್ಮನಾದರೆ 3840×2160ರ ಪರದೆಯಲ್ಲಿ ಅದು ಅಂಚೆಚೀಟಿ. ಹಿಗ್ಗಿಸಿದರೆ ಮಂಜು ಕವಿದ ಅಂಚೆಚೀಟಿ. ಎರಡು ಪಟ್ಟಿನ ಪ್ರತಿಯನ್ನೂ ಜೊತೆಗೆ ಇಡಬೇಕು.

ಸ್ಪ್ಲಾಶಿನ ಅತಿ ಸೊಗಸಾದ ಎಡವಟ್ಟು ಬೇರೆಯೇ ಇದೆ. ಎಲ್ಲಕ್ಕಿಂತ ಮೇಲೆ ನಿಲ್ಲು ಎಂದು ಅದಕ್ಕೆ ಹೇಳಿಟ್ಟಿರುತ್ತಾರೆ. ಹಿಂದಿನ ದಿನ ಕರೆಂಟು ಹೋಗಿ ತಂತ್ರಾಂಶ ಅರ್ಧಕ್ಕೆ ನಿಂತಿತ್ತು ಅನ್ನಿ. ಇಂದು ತೆರೆದಾಗ ಅದು ಮರ್ಯಾದೆಯಿಂದ ‘ಉಳಿಸದ ಚಿತ್ರವೊಂದು ಸಿಕ್ಕಿದೆ, ತೆರೆಯಲೇ?’ ಎಂದು ಕೇಳುತ್ತದೆ. ಕೇಳುವ ಪೆಟ್ಟಿಗೆ ಸ್ಪ್ಲಾಶಿನ ಹಿಂದೆ! ಉತ್ತರ ಬರುವವರೆಗೆ ಸ್ಪ್ಲಾಶ್ ಸರಿಯುವುದಿಲ್ಲ, ಸ್ಪ್ಲಾಶ್ ಸರಿಯುವವರೆಗೆ ಪ್ರಶ್ನೆ ಕಾಣುವುದಿಲ್ಲ. ಬಳಕೆದಾರರು ಹತ್ತು ನಿಮಿಷ ಅಳಿಲಿನ ಮುಖ ನೋಡಿ, ಕೊನೆಗೆ ಕಂಪ್ಯೂಟರಿನ ಗುಂಡಿಯನ್ನೇ ಒತ್ತಿ ಆರಿಸುತ್ತಾರೆ. ಮರುದಿನ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ಯಾವುದೇ ಪ್ರಶ್ನೆ ಮೇಲೇಳುವ ಮೊದಲು ಸ್ಪ್ಲಾಶನ್ನು ಅಡಗಿಸುವ ಒಂದು ಸಾಲಿನ ಕೋಡ್ ಬರೆದರೆ ತೀರಿತು. ಆ ಸಾಲು ನೆನಪಾಗುವುದು ದೂರು ಬಂದ ಮೇಲೆ.

ಈಗ ನಿಜವಾದ ಸ್ವಾಗತ ಪರದೆ. ಕ್ರಿತಾದಲ್ಲಿ ಹೊಸ ಚಿತ್ರ, ಹಳೆಯದನ್ನು ತೆರೆಯುವುದು, ಈಚೆಗೆ ಕೈಯಾಡಿಸಿದವು, ಕಲಿಕೆಯ ಕೊಂಡಿಗಳು, ಜೊತೆಗೆ ಚಿತ್ರವನ್ನು ಎಳೆದು ತಂದು ಬಿಡಲು ಒಂದು ಜಾಗ ಇವೆ. ಸುದ್ದಿಗೂ ಸ್ಥಳವಿದೆ, ಆದರೆ ಬಳಕೆದಾರರು ಒಪ್ಪಿದ ಮೇಲೆ ಮಾತ್ರ ಅದು ಅಂತರ್ಜಾಲಕ್ಕೆ ಕೈ ಚಾಚುತ್ತದೆ. ಇದು ಸರಿಯಾದ ಕ್ರಮ. ಬಂದವರಿಗೆ ಮೊದಲು ಬೆಲ್ಲ ನೀರು, ಊರ ಸುದ್ದಿ ಆಮೇಲೆ.

ಈಚಿನ ಚಿತ್ರಗಳ ಪುಟ್ಟ ನೋಟ ತೋರಿಸಲು ಇಡೀ ಫೈಲನ್ನು ಬಿಚ್ಚಬೇಕಿಲ್ಲ. ಕ್ರಿತಾದ ಕೆಆರ್‌ಎ ಫೈಲ್ ಎಂದರೆ ಒಂದು ಜಿಪ್ ಗಂಟು. ಒಳಗೆ ಪ್ರಿವ್ಯೂ ಎಂಬ ಸಣ್ಣ ಪಿಎನ್‌ಜಿ ಇರುತ್ತದೆ. ಓಪನ್‌ರಾಸ್ಟರ್ ಎಂಬ ಇನ್ನೊಂದು ಬಗೆಯ ಚಿತ್ರದ ಫೈಲಿನಲ್ಲೂ ಹಾಗೆಯೇ, 256×256ಕ್ಕೆ ಮೀರದ ಒಂದು ನೋಟ. ಅದನ್ನಷ್ಟೇ ಎತ್ತಿಕೊಂಡರಾಯಿತು. ಎಡವುವುದು ಎಲ್ಲಿ ಎಂದರೆ, ಪಟ್ಟಿಯ ಮೂರನೆಯ ಚಿತ್ರ ಪೆನ್‌ಡ್ರೈವಿನಲ್ಲಿದೆ, ಪೆನ್‌ಡ್ರೈವ್ ಅಣ್ಣನ ಮಗನ ಜೇಬಿನಲ್ಲಿದೆ, ಅಣ್ಣನ ಮಗ ದಾವಣಗೆರೆಯಲ್ಲಿದ್ದಾನೆ. ಅಥವಾ ಫೈಲ್ ಆಫೀಸಿನ ನೆಟ್‌ವರ್ಕಿನಲ್ಲಿದೆ, ನೀವು ಮನೆಯಲ್ಲಿದ್ದೀರಿ. ‘ಇದೆಯಾ?’ ಎಂದು ತಂತ್ರಾಂಶ ಕೂಗಿ, ಉತ್ತರಕ್ಕೆ ಬಾಯಿ ತೆರೆದುಕೊಂಡು ನಿಂತರೆ ಇಡೀ ಪರದೆ ಕಲ್ಲಾಗುತ್ತದೆ. ಹುಡುಕಾಟ ಹಿನ್ನೆಲೆಯಲ್ಲಿ ನಡೆಯಲಿ, ಅಲ್ಲಿಯವರೆಗೆ ಆ ಜಾಗದಲ್ಲಿ ಬೂದು ಚೌಕ ಇರಲಿ. ಪಟ್ಟಿಯನ್ನು ಒಂದೇ ಒತ್ತಿಗೆ ಮರೆಮಾಡುವ ಗುಂಡಿಯೂ ಬೇಕು. ಪ್ರೊಜೆಕ್ಟರಿಗೆ ಜೋಡಿಸಿ ಪಾಠ ಮಾಡುವ ಮೇಷ್ಟರು ನಿನ್ನೆ ಮುಖ್ಯೋಪಾಧ್ಯಾಯರ ವ್ಯಂಗ್ಯಚಿತ್ರ ಬರೆದಿರಬಹುದು.

ಹೊಸ ಚಿತ್ರದ ಅಳತೆಯಲ್ಲಿ ನಡೆಯುವ ಅವಾಂತರಗಳಿಗೆ ಮಾತ್ರ ಸ್ವಲ್ಪ ಸಮಯ ಕೊಡಬೇಕು. ಎ4 ಹಾಳೆ, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಎಂದರೆ 2480×3508 ಪಿಕ್ಸೆಲ್. ಒಟ್ಟು ಸುಮಾರು 87 ಲಕ್ಷ. ಪ್ರತಿ ಪಿಕ್ಸೆಲ್ಲಿಗೆ 4 ಬೈಟ್ ಹಿಡಿದರೆ ತುಂಬಿದ ಒಂದು ಲೇಯರಿಗೆ (ಒಂದರ ಮೇಲೊಂದು ಹಾಸುವ ಪಾರದರ್ಶಕ ಹಾಳೆಗಳಲ್ಲಿ ಒಂದಕ್ಕೆ) ಸುಮಾರು 35 ಎಂಬಿ, 16 ಬಿಟ್ ಆದರೆ ಅದರ ಎರಡರಷ್ಟು. ಇದು ಗಾಬರಿಯ ಲೆಕ್ಕವಲ್ಲ. ಗಾಬರಿ ಶುರುವಾಗುವುದು ಪಕ್ಕದ ಸಣ್ಣ ಪೆಟ್ಟಿಗೆಯಲ್ಲಿ. ಹಿಂದಿನ ಸಲ ಯಾರೋ ಅಲ್ಲಿ ಇಂಚು ಆರಿಸಿ ಹೋಗಿರುತ್ತಾರೆ. ಈ ಸಲ ಬಂದವರು ಅದನ್ನು ನೋಡದೆ 1920, 1080 ಎಂದು ಒತ್ತುತ್ತಾರೆ. ಅಂದರೆ 160 ಅಡಿ ಅಗಲ, 90 ಅಡಿ ಎತ್ತರದ ಹಾಳೆ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ. ಅಷ್ಟು ದೊಡ್ಡ ಸ್ವಾಮಿಯನ್ನು ನಿಲ್ಲಿಸಿಯೂ ಅಭಿಷೇಕದ ಅಟ್ಟಣಿಗೆಗೆ ಮೇಲೆ 33 ಅಡಿ ಉಳಿಯುತ್ತದೆ. 300 ಪಿಪಿಐನಲ್ಲಿ ಈ ಹಾಳೆಗೆ ಸುಮಾರು 746 ಜಿಬಿ ಬೇಕು, ಒಂದು ಲೇಯರಿಗೆ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಫ್ಯಾನನ್ನು ಒಮ್ಮೆ ಜೋರಾಗಿ ಸುತ್ತಿಸಿ ಕಣ್ಣು ಮುಚ್ಚುತ್ತದೆ.

ಹಾಗಾಗಿ ಅಂಕಿಯ ಪಕ್ಕದಲ್ಲೇ ‘ಈ ಹಾಳೆಗೆ ಇಷ್ಟು ಎಂಬಿ’ ಎಂದು ಬದಲಾಗುತ್ತಾ ತೋರಿಸುವ ಸಾಲು ಇರಬೇಕು. ರ‍್ಯಾಮಿನ ಅರ್ಧ ದಾಟಿದರೆ ಕೆಂಪಾಗಬೇಕು. ಇನ್ನೂ ಒಳ್ಳೆಯದೆಂದರೆ ಅಂಕಿ ಒತ್ತುವ ಕೆಲಸವನ್ನೇ ತಪ್ಪಿಸುವ ಸಿದ್ಧ ಅಳತೆಗಳು: ಎ4, 1920×1080, ಇನ್‌ಸ್ಟಾಗ್ರಾಮಿಗೆ 1080×1350. ನಮ್ಮ ಕಡೆಗೆ ಇನ್ನೊಂದು ಬೇಕೇ ಬೇಕು, ಗಣೇಶನ ಹಬ್ಬದ ಫ್ಲೆಕ್ಸು. 10×8 ಅಡಿಯದನ್ನು 300ರಲ್ಲಿ ತೆರೆದರೆ 36000×28800 ಪಿಕ್ಸೆಲ್, 4 ಜಿಬಿಗೂ ಮೇಲೆ. ರಸ್ತೆಯಾಚೆಯಿಂದ ನೋಡುವ ಫ್ಲೆಕ್ಸಿಗೆ 72 ಧಾರಾಳವಾಗಿ ಸಾಕು: 8640×6912, ಸುಮಾರು 240 ಎಂಬಿ. ಆಮೇಲೆ ಪ್ರಾಯೋಜಕರ ತಲೆಗಳಿಗೆ ತಲಾ ಒಂದು ಲೇಯರ್ ಸೇರುತ್ತದೆ, ಅದು ಬೇರೆ ಮಾತು.

ಪರದೆ ರೂಪಿಸುವವರು ಮೌಸ್ ಹಿಡಿದು ಪರೀಕ್ಷಿಸುತ್ತಾರೆ, ಬಳಸುವವರು ಡಿಜಿಟಲ್ ಪೆನ್ನು ಹಿಡಿದು ಬರುತ್ತಾರೆ. ಪೆನ್ನಿನ ತುದಿ ಒತ್ತುವಾಗ ತುಸು ಜಾರುತ್ತದೆ. ಇಂಥ ಪರದೆಗಳನ್ನು ಕಟ್ಟುವ ಕ್ಯೂಟಿ ಎಂಬ ಸಲಕರಣೆಯಲ್ಲಿ 10 ಪಿಕ್ಸೆಲ್ ಸರಿದರೆ ಅದು ಒತ್ತಿದ್ದಲ್ಲ, ಎಳೆದದ್ದು ಎಂದು ಲೆಕ್ಕ. ಚಿತ್ರ ತೆರೆಯಲು ಮೂರು ಸಲ ಕುಟ್ಟಿದರೆ ಮೂರು ಸಲವೂ ಅದು ಎಳೆದಾಟಕ್ಕೇ ಸಿದ್ಧವಾಗುತ್ತದೆ. ಪೆನ್ನಿಗೆ ಈ ಮಿತಿ ಹೆಚ್ಚಿಸಿ. ಗುಂಡಿಗಳನ್ನು ಬೆರಳಿಗೂ ಸಿಗುವಂತೆ ಆಂಡ್ರಾಯ್ಡಿನವರು ಹೇಳುವ 48 ಡಿಪಿಗಿಂತ (ಪರದೆ ಯಾವುದಾದರೂ ಒಂದೇ ಗಾತ್ರ ಕಾಣಿಸುವ ಅಳತೆ) ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಮೂಲೆಯಲ್ಲಿ ‘ಇಲ್ಲಿ ಗೀಚಿ ನೋಡಿ’ ಎಂಬ ಅಂಗೈಯಗಲದ ಜಾಗವಿದ್ದರೆ ಅದರಷ್ಟು ಉಪಕಾರ ಬೇರೆ ಇಲ್ಲ. ಒತ್ತಿದಷ್ಟೂ ಗೆರೆ ದಪ್ಪವಾಗಬೇಕು. ಆಗದಿದ್ದರೆ ವಿಂಡೋಸಿನಲ್ಲಿ ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್ ಎಂಬ, ಪೆನ್ನಿನ ಒತ್ತಡ ಓದುವ ಎರಡು ವಿಧಾನಗಳ ನಡುವೆ ಒಂದರಿಂದ ಇನ್ನೊಂದಕ್ಕೆ ಬದಲಿಸಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ. ಎರಡು ತಾಸು ಬರೆದ ಮೇಲೆ ಗೊತ್ತಾಗುವುದಕ್ಕಿಂತ ಬಾಗಿಲಲ್ಲೇ ಗೊತ್ತಾಗುವುದು ಲೇಸು.

ಇನ್ನು ಕನ್ನಡ. ‘ಸ್ವಾಗತ’ ಎಂದರೆ ಸು ಮತ್ತು ಆಗತ ಸೇರಿದ್ದು. ‘ಸುಸ್ವಾಗತ’ ಎಂದರೆ ಸು ಎರಡು ಸಲ ಬಂತು ಎಂದು ಆಕ್ಷೇಪಿಸುವ ಒಬ್ಬರು ಪ್ರತಿ ಅನುವಾದ ತಂಡದಲ್ಲೂ ಇರುತ್ತಾರೆ. ಅವರು ಹೇಳುವುದು ಸರಿ. ಪರದೆಯಲ್ಲಿ ಒಂದು ಅಕ್ಷರವೂ ಉಳಿಯುತ್ತದೆ. ಈಚಿನ ಫೈಲುಗಳಿಗೆ ‘ಇತ್ತೀಚಿನ ದಸ್ತಾವೇಜುಗಳು’ ಎಂದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದಂತಾಗುತ್ತದೆ. ‘ಈಚಿನ ಚಿತ್ರಗಳು’ ಸಾಕು. ಮರ್ಯಾದೆಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಗುಂಡಿಗಳ ಮೇಲೆ ‘ತೆರೆ’, ‘ಉಳಿಸು’, ‘ಹೊರಗೆ ಹೋಗು’. ಮನೆಗೆ ಬಂದವರಿಗೆ ಏಕವಚನವೇ ಎಂದು ಮುನಿಸಿಕೊಳ್ಳುವವರಿದ್ದಾರೆ. ಮಾತು ಯಾರದು ಎಂದು ನೋಡಿದರೆ ಜಗಳ ಮುಗಿಯುತ್ತದೆ. ಗುಂಡಿ ಎಂದರೆ ನೀವು ಯಂತ್ರಕ್ಕೆ ಹೇಳುವುದು, ಅಲ್ಲಿ ‘ತೆರೆ’ ಸರಿ. ಸಂದೇಶ ಎಂದರೆ ಯಂತ್ರ ನಿಮಗೆ ಹೇಳುವುದು, ಅಲ್ಲಿ ‘ತೆರೆಯಿರಿ’. ಈ ಎರಡೂ ಅದಲುಬದಲಾದಾಗಲೇ ಕಂಪ್ಯೂಟರು ‘ಚಿತ್ರ ಇಲ್ಲಿ ಬಿಡು’ ಎಂದು ಹಿರಿಯರನ್ನು ಗದರಿಸುವುದು.

ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿಯೊಳಗೆ ಕನ್ನಡ ತೂರಿಸಿದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ‘ಬಣ್ಣ ಆರಿಸಿ’ ಎಂಬುದು ‘ಬಣ ಆರಿಸಿ’ ಆಗಿ, ಚಿತ್ರಕಲೆ ರಾಜಕೀಯಕ್ಕೆ ತಿರುಗುತ್ತದೆ. ಗುಂಡಿಯ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಕಟ್ಟಿಹಾಕದೆ ಫಾಂಟನ್ನೇ ಕೇಳಿ ತೆಗೆದುಕೊಳ್ಳಬೇಕು, ಸಾಲಿನ ಎತ್ತರ ಅಕ್ಷರದ ಒಂದೂವರೆಯಷ್ಟಾದರೂ ಇರಬೇಕು. ವಿಂಡೋಸಿನಲ್ಲಿ ನಿರ್ಮಲಾ ಫಾಂಟ್ ಇದೆ. ಉಳಿದ ಕಡೆಗೆ ನೋಟೋ ಸ್ಯಾನ್ಸ್ ಕನ್ನಡವನ್ನು ಜೊತೆಗೇ ಕಟ್ಟಿಕೊಡಿ, ಇಲ್ಲವಾದರೆ ಸ್ವಾಗತ ಕೋರಲು ಸಾಲು ಸಾಲು ಖಾಲಿ ಡಬ್ಬಿಗಳು ಬರುತ್ತವೆ. ಫೈಲ್ ಹೆಸರು ಉದ್ದವಾಯಿತೆಂದು ಎಣಿಸಿ ಕತ್ತರಿಸುವುದೂ ಅಪಾಯ: ಕಣ್ಣಿಗೆ ಒಂದೇ ಆದ ‘ಸ್ತ್ರೀ’ ಯುನಿಕೋಡಿನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಎಲ್ಲೆಂದರಲ್ಲಿ ಕತ್ತರಿ ಹಾಕಿದರೆ ‘ಸ್’ ಎಂಬ ಉಸಿರು ಮಾತ್ರ ಉಳಿಯುತ್ತದೆ. ಇಡೀ ಅಕ್ಷರವನ್ನು ಒಂದಾಗಿ ಎಣಿಸಬೇಕು. ಕತ್ತರಿಸುವುದಾದರೆ ಕೊನೆಯಲ್ಲಿ ಬೇಡ, ನಡುವೆ. ‘ಗಣೇಶ ಫ್ಲೆಕ್ಸ್ ಕೊನೆಯದು’, ‘ಗಣೇಶ ಫ್ಲೆಕ್ಸ್ ಕೊನೆಯದು ನಿಜವಾಗಿ’, ‘ಗಣೇಶ ಫ್ಲೆಕ್ಸ್ ಕೊನೆಯದು ನಿಜವಾಗಿ 3’ ಇವುಗಳ ಗುಟ್ಟೆಲ್ಲ ಬಾಲದಲ್ಲಿರುತ್ತದೆ.

ಎಲ್ಲ ಮಾಡಿದ ಮೇಲೂ ಕೆಲವರಿಗೆ ಈ ಪರದೆಯೇ ಬೇಡ. ಅವರಿಗಾಗಿ ಕೆಳಗೆ ಒಂದು ಪುಟ್ಟ ಚೌಕ: ‘ಇನ್ನು ಮುಂದೆ ತೋರಿಸಬೇಡ’. ಅದನ್ನು ಒತ್ತುವವರಲ್ಲಿ ಬೇಕೆಂದು ಒತ್ತುವವರಂತೆ ಕೈ ತಾಗಿ ಒತ್ತುವವರೂ ಇರುತ್ತಾರೆ. ಮೂರು ತಿಂಗಳ ನಂತರ ಅವರು ಅಳಿಲನ್ನೂ ಈಚಿನ ಚಿತ್ರಗಳನ್ನೂ ಹುಡುಕುತ್ತಾ ಅಲೆಯುತ್ತಾರೆ. ಸಹಾಯ ಎಂಬ ಮೆನುವಿನಲ್ಲಿ ‘ಸ್ವಾಗತ ಪರದೆ ತೋರಿಸು’ ಎಂಬ ಸಾಲು ಇರಲಿ, ಸೆಟ್ಟಿಂಗಿನ ಏಳನೆಯ ಪುಟದಲ್ಲಲ್ಲ. ಪರದೆ ಬೇಡವೆಂದವರಿಗೆ ಬೂದು ಬಯಲನ್ನು ತೋರಿಸದೆ, ಕೊನೆಯ ಸಲ ಬಳಸಿದ ಅಳತೆಯ ಹಾಳೆಯನ್ನು ನೇರವಾಗಿ ಮುಂದಿಡಿ. ಕೊನೆಯ ಸಲದ್ದು 1920 ಇಂಚಿನದ್ದಾಗಿದ್ದರೆ ಮಾತ್ರ ಒಂದು ಮಾತು ಕೇಳಿ.