ದುಂಡು ಮೇಜಿನ ತಲೆ ಯಾವ ಕಡೆ?

ಕ್ಯಾಥೋಲಿಕ್ ಧರ್ಮಸಭೆಯಲ್ಲಿ ಬದಲಾವಣೆ ಬಹಳ ತಡ ಅಂತ ದೂರುವವರು ಹುಬ್ಬಳ್ಳಿಯ ನಮ್ಮ ಚರ್ಚಿಗೆ ಒಮ್ಮೆ ಬರಬೇಕು. ಇಲ್ಲಿ ಬದಲಾವಣೆಗೆ ಬರವೇ ಇಲ್ಲ. ಮರಿಯ ಮಾತೆಯ ಗವಿಯನ್ನೇ ನೋಡಿ. ಹಿಂದಿನ ಫಾದರ್ ಕಾಲದಲ್ಲಿ ಅದು ಗೇಟಿನ ಎಡಕ್ಕಿತ್ತು. ಅವರಿಗಿಂತ ಹಿಂದಿನವರ ಕಾಲದಲ್ಲಿ ಬಲಕ್ಕಿತ್ತು. ಈಗಿನವರು ಬಂದ ಮೇಲೆ ಹಿತ್ತಲಿಗೆ, ಬೋರ್‌ವೆಲ್ ಪಕ್ಕಕ್ಕೆ ಹೋಗಿದೆ. 1858ರಲ್ಲಿ ಫ್ರಾನ್ಸಿನ ಲೂರ್ದಿನಲ್ಲಿ ಮಾತೆ 18 ಸಲ ಕಾಣಿಸಿಕೊಂಡರು, ಹದಿನೆಂಟೂ ಸಲ ಅದೇ ಗವಿಯಲ್ಲಿ. ನಮ್ಮಲ್ಲಿ ಮಾತ್ರ ಅವರು ಸರ್ಕಾರಿ ನೌಕರರ ಹಾಗೆ, ಮೇಲಿನವರು ಬದಲಾದಾಗಲೆಲ್ಲ ವರ್ಗಾವಣೆ.

ಫಾದರ್‌ಗಳ ವರ್ಗಾವಣೆಗೆ ನಮ್ಮ ಕಡೆ ಮೇ ತಿಂಗಳೇ ಸೀಸನ್. ಧಾರವಾಡ, ಗದಗ, ಹಾವೇರಿ ಎಲ್ಲ ಸೇರುವ ಬೆಳಗಾವಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ಅವರ ಸೀಮೆ, 1953ರಲ್ಲಿ ಆದದ್ದು. ಅಂದಿನಿಂದಲೂ ಪತ್ರ ಬರುವ ಮೊದಲೇ ಸುದ್ದಿ ಬರುವುದು ರೂಢಿ ಇರಬೇಕು. ಯಾವ ಫಾದರ್ ಎಲ್ಲಿಗೆ ಅನ್ನುವುದು ಫಾದರ್‌ಗೆ ಗೊತ್ತಾಗುವ ಮುನ್ನ ಕೇಶ್ವಾಪುರದ ಬೇಕರಿಯಲ್ಲಿ ಗೊತ್ತಾಗಿರುತ್ತದೆ. ಆಮೇಲೆ ಬೀಳ್ಕೊಡುಗೆ, ಆಮೇಲೆ ಸ್ವಾಗತ. ಹೋಗುವವರಿಗೆ ಹಾವೇರಿಯ ಏಲಕ್ಕಿ ಹಾರ, ಶಾಲು, ಹಣ್ಣಿನ ಬುಟ್ಟಿ. ಬರುವವರಿಗೂ ಹಾವೇರಿಯ ಏಲಕ್ಕಿ ಹಾರ, ಶಾಲು, ಹಣ್ಣಿನ ಬುಟ್ಟಿ. ಭಾಷಣವೂ ಅದೇ. "ಇಂಥಾ ಫಾದರ್ ನಮಗ ಹಿಂದೆಂದೂ ಸಿಕ್ಕಿದ್ದಿಲ್ಲ" ಅನ್ನುವ ಮಾತನ್ನು ಹೋಗುವವರಿಗೆ ಹೇಳಿದವರೇ ಮುಂದಿನ ವಾರ ಬರುವವರಿಗೂ ಹೇಳುತ್ತಾರೆ. ಪಾಪ, ಅವರಿನ್ನೂ ನಮ್ಮೂರಿನ ಒಂದು ಕಪ್ ಚಹಾ ಕೂಡ ಕುಡಿದಿರುವುದಿಲ್ಲ.

ಹೋಗುವ ಮುನ್ನ ಪ್ರತಿಯೊಬ್ಬರೂ ಒಂದು ಕಲ್ಲು ಬಿಟ್ಟು ಹೋಗುತ್ತಾರೆ. ಕಪ್ಪು ಗ್ರಾನೈಟು, ಬಂಗಾರದ ಅಕ್ಷರ. ಈ ಸಭಾಂಗಣದ ಟೈಲ್ಸ್ ಇಂಥವರ ಕಾಲದಲ್ಲಿ, ಈ ಗೇಟು ಇಂಥವರ ಕಾಲದಲ್ಲಿ, ಈ ನೀರಿನ ಟ್ಯಾಂಕು ಇಂಥವರ ಅಮೃತ ಹಸ್ತದಿಂದ. ಯಾರ ಮನೆಯ ಜಗಳ ಬಿಡಿಸಿದರು, ಯಾರ ಸಾವಿನ ರಾತ್ರಿ ಬೆಳಗಿನ ತನಕ ಕೂತಿದ್ದರು ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತುವ ಪದ್ಧತಿ ಇಲ್ಲ. ಬಹಳ ಹಿಂದೆ ಲೂನಾ ಮೇಲೆ ಮನೆಮನೆಗೆ ಹೋಗುತ್ತಿದ್ದ ಒಬ್ಬ ಫಾದರ್ ಇದ್ದರು. ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತಿತ್ತು. ಅವರ ಹೆಸರಿನ ಕಲ್ಲು ಎಲ್ಲೂ ಇಲ್ಲ. ಟೈಲ್ಸ್ ಹಾಕಿಸಲಿಲ್ಲ, ಏನು ಮಾಡೋದು?

ಈ ಕಲ್ಲಿನ ಹುಚ್ಚಿನಲ್ಲೇ ಚರ್ಚಿನ ಮುಂದಿನ ಮೆಟ್ಟಿಲಿನ ಹಳೇ ಶಹಾಬಾದ್ ಕಲ್ಲು ಕಿತ್ತು ಗ್ರಾನೈಟ್ ಹಾಕಿದರು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಮಳೆಗಾಲದಲ್ಲಿ ಅದರ ಮೇಲೆ ನಡೆಯುವವರು ಮೆಟ್ಟಿಲು ಹತ್ತುವಾಗಲೇ ಜಪಮಾಲೆ ಶುರು ಮಾಡುತ್ತಾರೆ.

ಅಷ್ಟರಲ್ಲಿ ರೋಮಿನಿಂದ ದೊಡ್ಡ ಬದಲಾವಣೆಯ ಕರೆ ಬಂತು. ಪೋಪ್ ಫ್ರಾನ್ಸಿಸ್ 2021ರ ಅಕ್ಟೋಬರ್‌ನಲ್ಲಿ ಸಿನೋಡ್, ಅಂದರೆ ಧರ್ಮಸಭೆಯ ಸಮಾಲೋಚನೆ, ಶುರು ಮಾಡಿದರು. ಎಲ್ಲರೂ ಜೊತೆಯಾಗಿ ನಡೆಯೋಣ, ಒಬ್ಬರ ಮಾತು ಒಬ್ಬರು ಕೇಳೋಣ, ಕಟ್ಟಕಡೆಯ ವಿಶ್ವಾಸಿಯ ಮಾತೂ ಮೇಲಕ್ಕೆ ಬರಲಿ ಅನ್ನುವುದು ಅವರ ಆಸೆ. ಆಸೆ ಒಳ್ಳೆಯದೇ. ನಮ್ಮಲ್ಲಿ ಅದು ಜೆರಾಕ್ಸ್ ಪ್ರಶ್ನಾವಳಿಯಾಗಿ ಬಂತು. ಭಾನುವಾರ ಪೂಜೆ ಮುಗಿದ ಮೇಲೆ ಹಂಚಿದರು. "ಧರ್ಮಸಭೆಯ ಪಯಣದಲ್ಲಿ ನೀವು ಸಹಪಯಣಿಗರೆಂದು ನಿಮಗೆ ಎಷ್ಟರ ಮಟ್ಟಿಗೆ ಅನಿಸಿದೆ? ವಿವರಿಸಿ." ಪಯಣ ಅಂದದ್ದೇ ತಡ, ಅರ್ಧ ಜನ ವೇಳಾಂಕಣಿ ಯಾತ್ರೆಯ ಬಸ್ಸು ಅಂದುಕೊಂಡು ಹೆಸರು, ಮೊಬೈಲ್ ನಂಬರ್ ಬರೆದು ಕೊಟ್ಟರು.

ರೈಲ್ವೆ ಕಾಲೊನಿಯ ಅಜ್ಜಿಯೊಬ್ಬರು ಮಾತ್ರ ಪ್ರಶ್ನೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡರು. ಕಣ್ಣು ಸರಿಯಾಗಿ ಕಾಣದ್ದರಿಂದ ಮೊಮ್ಮಗಳ ಕೈಲಿ ಬರೆಸಿದರು: "ಮೆಟ್ಟಲಕ್ಕ ಹಿಡಕೊಳ್ಳಾಕ ಒಂದು ಕಬ್ಬಣದ ಪೈಪ್ ಹಾಕ್ರಿ. ಜಾರತೈತಿ."

ಇನ್ನು ಆ ಪೈಪಿನ ಪಯಣ ಕೇಳಿ. ನಮ್ಮ ಕಾರ್ಯದರ್ಶಿ ರಿಟೈರ್ಡ್ ಮೇಷ್ಟ್ರು. ಪೈಪು, ಜಾರೋದು ಇವೆಲ್ಲ ವರದಿಗೆ ಶೋಭೆ ಅಲ್ಲ ಅಂತ ಅವರಿಗನಿಸಿತು. "ಹಿರಿಯರಿಗೆ ಆಧಾರದ ಕೊರತೆ ಇದೆ" ಅಂತ ತಿದ್ದಿ ಬೆಳಗಾವಿಗೆ ಕಳಿಸಿದರು. ಎಲ್ಲ ಧರ್ಮಕೇಂದ್ರಗಳ, ಅಂದರೆ ನಮ್ಮಂಥ ಚರ್ಚುಗಳ, ವರದಿಗಳು ಸೇರಿ ಒಂದಾಗಿ ಇನ್ನೂ ಮೇಲಕ್ಕೆ ಹೋದವು. ಎಲ್ಲ ದೇಶಗಳವು ಸೇರಿ 2023ರ ಫೆಬ್ರವರಿಯಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯಾದ ಸಭೆ ಆಯಿತು. ಅಲ್ಲಿಂದ ರೋಮ್. ಇಷ್ಟು ಮೇಲೆ ಹತ್ತಿದ ಮೇಲೆ ಪೈಪಿಗೆ ನಮ್ಮ ಮೆಟ್ಟಿಲು ಕಾಣಲು ಸಾಧ್ಯವೇ? ಹಿರಿಯರು, ಆಧಾರ, ಜೊತೆ ನಡೆಯುವುದು ಎಲ್ಲ ಸೇರಿ ಅದೊಂದು ಧ್ಯಾನದ ವಿಷಯವಾಗಿತ್ತು. ಅಜ್ಜಿಗೆ ಆಗಲೇ ಒಂದು ಸಲ ಮೊಣಕಾಲಿಗೆ ಪೆಟ್ಟಾಗಿತ್ತು.

ರೋಮಿನಲ್ಲಿ ಮಾತ್ರ ನಿಜಕ್ಕೂ ಏನೋ ಆಯಿತು. ಅದನ್ನು ಒಪ್ಪಬೇಕು. 2023ರ ಅಕ್ಟೋಬರ್ ಸಭೆಯಲ್ಲಿ ಕಾರ್ಡಿನಲ್‌ಗಳು, ಬಿಷಪ್‌ಗಳು, ಸಿಸ್ಟರ್‌ಗಳು, ಸಂಸಾರಸ್ಥರು ಎಲ್ಲ ದುಂಡು ಮೇಜುಗಳ ಸುತ್ತ ಒಟ್ಟಿಗೆ ಕೂತರು. ಹೆಣ್ಣುಮಕ್ಕಳಿಗೆ ಸಿನೋಡಿನಲ್ಲಿ ಮೊದಲ ಸಲ ಮತದ ಹಕ್ಕು ಸಿಕ್ಕಿತು. ಒಬ್ಬರು ಮಾತಾಡಿದ ಮೇಲೆ ಉಳಿದವರು ಸುಮ್ಮನೆ ಕೂತು ಕೇಳಿದರಂತೆ. 2024ರ ಅಕ್ಟೋಬರ್ 26ಕ್ಕೆ ಕೊನೆಯ ದಾಖಲೆ ಬಂತು. ಫಾದರ್ ಜೊತೆ ವಿಶ್ವಾಸಿಗಳೂ ಕೂತು ಮಾತಾಡುವ, ಧರ್ಮಕೇಂದ್ರಗಳ ಪಾಲನಾ ಪರಿಷತ್ತಿನಂಥ ಸಭೆಗಳು ಕಡ್ಡಾಯವಾಗಬೇಕು ಅಂತ ಅದರಲ್ಲಿ ಒತ್ತಾಯವಿದೆ. ಪೋಪ್ ಫ್ರಾನ್ಸಿಸ್ ತಮ್ಮದೊಂದು ಬೇರೆ ಪತ್ರ ಬರೆಯದೆ, ಅದನ್ನೇ ಒಪ್ಪಿ ಹೊರಡಿಸಿದರು.

ಇದನ್ನು ಓದಿದ ನಮ್ಮ ಪರಿಷತ್ತಿಗೆ ಹುರುಪು ಬಂತು. ನಾವೂ ರೋಮಿನ ಹಾಗೇ ಮಾಡೋಣ ಅಂದರು. ಸಾಮಾನ್ಯವಾಗಿ ಇಂಥ ಹುರುಪು ಒಳ್ಳೆಯ ಭಾಗ ಬಿಟ್ಟು ಫರ್ನಿಚರ್ ಹಿಡಿದುಕೊಳ್ಳುತ್ತದೆ. ಗದಗ ರೋಡಿನ ಶಾಮಿಯಾನಾದವರ ಹತ್ತಿರ ದುಂಡು ಮೇಜು ಬಾಡಿಗೆಗೆ ತಂದರು. ರಿಸೆಪ್ಶನ್‌ನಲ್ಲಿ ಊಟಕ್ಕೆ ಹಾಕುವ ಮೇಜು. ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಯಾರದೋ ಮದುವೆಯ ಕುರ್ಮಾದ ಕಲೆ.

ಮೇಜು ಬಂತು, ಕುರ್ಚಿ ಇಟ್ಟರು. ಆಗ ಸಮಸ್ಯೆ ಶುರು. ಫಾದರ್ ಎಲ್ಲಿ ಕೂರಬೇಕು?

"ದುಂಡು ಮೇಜ್ರೀ ಅದು, ಎಲ್ಲಿ ಬೇಕಾದ್ರೂ ಕೂಡಬಹುದು" ಅಂದ ಒಬ್ಬ ಹುಡುಗ. ಅವನಿಗೆ ಪರಿಷತ್ತಿನ ಅನುಭವ ಕಡಿಮೆ.

"ಎಲ್ಲಿ ಬೇಕಾದ್ರೂ ಅಂದ್ರ ಹೆಂಗಪಾ? ಫಾದರ್ ಅವರಿಗೆ ಮರ್ಯಾದಿ ಬ್ಯಾಡೇನು?" ಅಂದರು ಖಜಾಂಚಿ.

ಕೊನೆಗೆ ಕಚೇರಿಯಿಂದ ಎತ್ತರದ ಬೆನ್ನಿನ ಕುರ್ಚಿ ತಂದರು. ಅದರ ಬೆನ್ನಿಗೆ ಬಿಳಿ ಟರ್ಕಿ ಟವೆಲ್. ಉಳಿದವರಿಗೆ ಪ್ಲಾಸ್ಟಿಕ್ ಕುರ್ಚಿ. ಟವೆಲ್ ಇದ್ದ ಕಡೆ ಮೇಜಿನ ತಲೆ ಅಂತ ಎಲ್ಲರಿಗೂ ತಕ್ಷಣ ತಿಳಿಯಿತು. ದುಂಡಗಿನ ಮೇಜಿಗೆ ತಲೆ, ಕಾಲು ಎರಡನ್ನೂ ಹುಡುಕಿದ ಕೀರ್ತಿ ನಮ್ಮದು. ಟವೆಲಿನ ಪಕ್ಕ ಖಜಾಂಚಿ, ಅವರ ಪಕ್ಕ ಗುತ್ತಿಗೆದಾರರು, ಆಮೇಲೆ ಮೇಷ್ಟ್ರು. ಹಾಗೇ ಇಳಿಯುತ್ತ ಇಳಿಯುತ್ತ, ಧರ್ಮಪಾಠ ಹೇಳಿಕೊಡುವ ಧರ್ಮೋಪದೇಶಿ ಬಾಗಿಲ ಹತ್ತಿರ ಕೂತರು. ದುಂಡು ಮೇಜಿನಲ್ಲಿ ಬಾಗಿಲ ಹತ್ತಿರದವರು ಫಾದರ್ ಎದುರಿಗೇ ಇರುತ್ತಾರೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಮೇಜನ್ನೇ ಬದಲಿಸುತ್ತಿದ್ದರು.

ಹೆಣ್ಣುಮಕ್ಕಳಿಗೂ ಈ ಸಲ ಪ್ರಾತಿನಿಧ್ಯ ಇತ್ತು. ಗಿರಮಿಟ್ ಮತ್ತು ಚಹಾ ಪೂರ್ತಿ ಅವರ ಕೈಯಲ್ಲೇ ಬಿಟ್ಟಿದ್ದರು.

ಫಾದರ್ ಕೆಟ್ಟವರಲ್ಲ. ಟವೆಲ್ ಅವರೇನೂ ಕೇಳಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂರುತ್ತೇನೆ ಅಂತ ಎದ್ದರು ಕೂಡ. ಆಗ ಅವರಿಗಿಂತ ಮೊದಲು ಹದಿನಾಲ್ಕು ಜನ ಎದ್ದು ನಿಂತರು. ಅವರು ಕೂತ ಹೊರತು ಇವರು ಕೂರುವುದಿಲ್ಲ. ಕೊನೆಗೆ ಸಭೆ ಶುರುವಾಗಲಿ ಅಂತ ಅವರು ಟವೆಲಿಗೆ ಒರಗಿದರು. ಫಾದರ್‌ಗಳನ್ನು ಸಾಹೇಬರನ್ನಾಗಿ ಮಾಡುವವರು ಯಾರು ಅಂತ ಕೇಳಿದರೆ ನಾವು ರೋಮಿನ ಕಡೆ ಕೈ ತೋರಿಸುತ್ತೇವೆ. ಕುರ್ಚಿ ಹೊತ್ತು ತಂದವರು ಮಾತ್ರ ನಮ್ಮ ಓಣಿಯವರೇ.

ಮೊದಲ ವಿಷಯ, ಪೂಜೆಯ ಹೊತ್ತು. ಇದಕ್ಕೊಂದು ಹಿನ್ನೆಲೆ ಇದೆ. ಹುಬ್ಬಳ್ಳಿಗೆ ಕ್ಯಾಥೋಲಿಕರಲ್ಲಿ ಬಹಳ ಜನರನ್ನು ಕರೆತಂದದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ವರ್ಕ್‌ಶಾಪ್ ಬಂತು, ಅದರ ಬೆನ್ನಿಗೆ ಗೋವಾದವರು, ತಮಿಳರು, ಆಂಗ್ಲೋ ಇಂಡಿಯನ್ನರು ಬಂದರು. ಆಮೇಲೆ ಶಾಲೆ, ಬ್ಯಾಂಕು ಅಂತ ಮಂಗಳೂರಿನವರು. ಸುತ್ತಲಿನ ಹಳ್ಳಿಗಳಿಂದ ದುಡಿಯಲು ಬಂದ ಕನ್ನಡದವರು. ಎಲ್ಲರದೂ ಲ್ಯಾಟಿನ್ ಪೂಜೆಯೇ ಆಗಿದ್ದ ಕಾಲದಲ್ಲಿ ಜಗಳ ಇರಲಿಲ್ಲ, ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಎರಡನೇ ವ್ಯಾಟಿಕನ್ ಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. 1963ರ ಡಿಸೆಂಬರ್ 4ರಂದು ಪೂಜಾವಿಧಿ ಕುರಿತ ಆ ಸಭೆಯ ದಾಖಲೆಯ ಪರ ಬಿದ್ದ ಮತ 2,147, ವಿರೋಧ 4. ಲೋಕದ ಬಿಷಪ್‌ಗಳೆಲ್ಲ ಒಂದೇ ಕಡೆ ಕೈ ಎತ್ತಿದರು. ನಮ್ಮಲ್ಲಿ ಗಾಯನ ವೃಂದದ ಕೀಬೋರ್ಡ್ ಯಾವ ಕಂಬದ ಹತ್ತಿರ ಇಡಬೇಕು ಅನ್ನುವುದಕ್ಕೆ ಅಷ್ಟು ಒಮ್ಮತ ಇನ್ನೂ ಬಂದಿಲ್ಲ.

ಈಗ ಇಂಗ್ಲಿಷ್ ಪೂಜೆ ಎಂಟೂವರೆಗೆ. ಸ್ನಾನ, ಇಸ್ತ್ರಿ, ಪೌಡರು ಎಲ್ಲ ಮುಗಿಸಿ ಬರಬಹುದಾದ ಹೊತ್ತು. ಕೊಂಕಣಿ ಹತ್ತಕ್ಕೆ. ಅದರಲ್ಲೂ ಗೋವಾದವರು ರೋಮನ್ ಅಕ್ಷರದ ಹಾಡಿನ ಪುಸ್ತಕ ಹಿಡಿಯುತ್ತಾರೆ, ಮಂಗಳೂರಿನವರು ಕನ್ನಡ ಅಕ್ಷರದ್ದು. ಹಾಡು ಒಂದೇ ಆದರೂ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮುಗಿಸುತ್ತಾರೆ. ತಮಿಳು ತಿಂಗಳಿಗೊಮ್ಮೆ. ಕನ್ನಡ ಪೂಜೆ ಬೆಳಿಗ್ಗೆ ಆರಕ್ಕೆ. ಹುಬ್ಬಳ್ಳಿಯಲ್ಲಿ ಕನ್ನಡಕ್ಕೆ ನಿದ್ದೆಗಣ್ಣಿನ ಹೊತ್ತು. ಊರ ಹೊರಗಿನಿಂದ ಬರುವವರಿಗೆ ಅಷ್ಟು ಹೊತ್ತಿಗೆ ಬಸ್ಸು ಸಿಗುವುದಿಲ್ಲ. ಸಂಜೆ ಒಂದು ಕನ್ನಡ ಪೂಜೆ ಇಡ್ರಿ ಅಂತ ಧರ್ಮೋಪದೇಶಿ ಎದ್ದು ಕೇಳಿದರು.

ಎಲ್ಲರೂ ಬಹಳ ಚೆನ್ನಾಗಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದೇ ಈ ಸಭೆಯ ಉದ್ದೇಶ ಅಲ್ವಾ. ರೋಮಿನ ಪದ್ಧತಿಯಂತೆ ಕೆಲ ಹೊತ್ತು ಮೌನ ಕೂಡ ಆಚರಿಸಿದರು. ಮೌನದಲ್ಲಿ ಗಿರಮಿಟ್ ಅಗಿಯುವ ಸದ್ದು ಮಾತ್ರ. ಆಮೇಲೆ ಖಜಾಂಚಿ ಗಂಟಲು ಸರಿ ಮಾಡಿಕೊಂಡರು. ಸಂಜೆ ಸಭಾಂಗಣವನ್ನು ಬರ್ತ್‌ಡೇ ಪಾರ್ಟಿಗೆ ಬಾಡಿಗೆಗೆ ಕೊಡುತ್ತಾರೆ, ಡಿಜೆ ಸದ್ದಿನಲ್ಲಿ ಪೂಜೆ ಹೆಂಗ್ ಮಾಡೂದು? ವಿಷಯ ಮುಂದಕ್ಕೆ ಹೋಯಿತು.

ಖಜಾಂಚಿಯ ಗಂಟಲಿಗೆ ಇಷ್ಟು ಬಲ ಎಲ್ಲಿಂದ ಬಂತು ಅಂತ ಕೇಳಬೇಡಿ. ಧರ್ಮಸಭೆಯ ಕಾನೂನೇ ಹಾಗಿದೆ. 1983ರ ಸಂಹಿತೆಯ 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. ಅದರ ಹಿಂದಿನ 536ನೇ ವಿಧಿಯಲ್ಲಿ ಪಾಲನಾ ಪರಿಷತ್ತು ಬರುತ್ತದೆ. ಅದು ಬಿಷಪ್ ಅವರಿಗೆ ಸೂಕ್ತ ಅನಿಸಿದರೆ ಮಾತ್ರ. ಇದ್ದರೂ ಸಲಹೆ ಕೊಡಬಹುದು, ಅಷ್ಟೇ. ರೊಕ್ಕ ಕಾಯಲು ಸಮಿತಿ ಕಡ್ಡಾಯ, ಮಂದಿ ಕಾಯಲು ಅನುಕೂಲ ಇದ್ದರೆ. ಹಣಕಾಸು ಸಮಿತಿಯೂ ನೆರವಿಗೆ ಇರುವುದು, ಆಳುವುದಕ್ಕಲ್ಲ, ನಿಜ. ನಮ್ಮಲ್ಲಿ ಇದನ್ನು ಖಜಾಂಚಿಗೆ ಯಾರೂ ಹೇಳಿಲ್ಲ.

ಎರಡನೇ ವಿಷಯ, ಮೂರನೇ ವಿಷಯ ಬೇಗ ಮುಗಿದವು. ದುಂಡು ಮೇಜು ಪದೇ ಪದೇ ಬಾಡಿಗೆಗೆ ತರುವ ಬದಲು ಕೊಂಡೇ ಬಿಡುವುದು ಅಂತ ಒಮ್ಮತ ಆಯಿತು. ದಾನಿಗಳ ಹೆಸರಿಗೆ ಕಲ್ಲೂ ನಿಕ್ಕಿಯಾಯಿತು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಸಂಜೆ ಪೂಜೆ ಇರಬಹುದು ಅಂತ ಬಂದವರು.

"ಫಾದರ್, ಆ ಪೈಪ್ ಏನಾತ್ರಿ?"

ಫಾದರ್‌ಗೆ ಯಾವ ಪೈಪು ಅಂತ ಗೊತ್ತಿಲ್ಲ, ಅದು ಹಿಂದಿನವರ ಕಾಲದ್ದು. ಮೇಷ್ಟ್ರಿಗೆ ಗೊತ್ತಿತ್ತು. ಅವರು ಹೆಮ್ಮೆಯಿಂದ ಎದ್ದರು.

"ಅಜ್ಜಿ, ನಿಮ್ಮ ಮಾತು ಇಲ್ಲಿಗೇ ನಿಂತಿಲ್ರೀ. ಬೆಳಗಾವಿಗೆ ಹೋತು, ಬ್ಯಾಂಕಾಕಿಗೆ ಹೋತು, ರೋಮಿಗೇ ಹೋಗೇತಿ. ಈಗ ಜಾರಿ ಹಂತ ನಡದೈತಿ. 2028ರ ಅಕ್ಟೋಬರ್‌ನ್ಯಾಗ ರೋಮಿನ್ಯಾಗ ಮತ್ತೊಂದು ದೊಡ್ಡ ಸಭಾ ಐತಿ, ಅಲ್ಲಿ..."

"ರೋಮಿಗೆ ಯಾಕ್ ಕಳಸಿದ್ಯೋ ತಮ್ಮಾ" ಅಂದರು ಅಜ್ಜಿ. "ಗೋಕುಲ ರೋಡಿನ ವೆಲ್ಡಿಂಗ್ ಅಂಗಡಿಗೆ ಕಳಸಿದ್ರ ಸಾಕಾಗಿತ್ತಲ್ಲ."