ಅಶೋಕನಿಗೆ ಯಾವ ಸಂಘವಿದೆ ಸ್ವಾಮಿ?

ಕರ್ನಾಟಕದ ಅತಿ ಹಳೆಯ ಸರ್ಕಾರಿ ಸುತ್ತೋಲೆಗಳ ಪೈಕಿ ಮೂರು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿವೆ. ಮೂರೂ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಹೊರಡಿಸಿದವನು ಅಶೋಕ ಚಕ್ರವರ್ತಿ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ. ಜನರ ಕಣ್ಣಿಗೆ ಮತ್ತೆ ಬಿದ್ದದ್ದು 1892ರಲ್ಲಿ, ಶಾಸನತಜ್ಞ ಬಿ. ಎಲ್. ರೈಸ್ ಹುಡುಕಿ ತೆಗೆದಾಗ. ಕಚೇರಿ ಪದ್ಧತಿ ಬಲ್ಲವರು ಆ ಬರಹವನ್ನು ಓದಿದರೆ ಗಂಟಲು ಕಟ್ಟುತ್ತದೆ. ಚಕ್ರವರ್ತಿ ಕೆಳಗಿನವರೊಡನೆ ನೇರ ಮಾತನಾಡುವುದಿಲ್ಲ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರನೆಂಬ ರಾಜಕುಮಾರ ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಅಂದರೆ ಸೂಕ್ತ ಮಾರ್ಗದಲ್ಲಿಯೇ, ಆದೇಶ ಇಳಿದು ಬರುತ್ತದೆ. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ವಿಷಯ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು. ಅದರ ನಡುವೆ 256 ಎಂಬ ಅಂಕೆಯೊಂದು ಬರುತ್ತದೆ. ಅದರ ಅರ್ಥವೇನೆಂದು ವಿದ್ವಾಂಸರು ಬಹಳ ಕಾಲ ಜಗ್ಗಾಡಿದ್ದಾರೆ. ಯಾವುದಾದರೂ ತಾಲ್ಲೂಕು ಕಚೇರಿಯ ದ್ವಿತೀಯ ದರ್ಜೆ ಸಹಾಯಕರನ್ನು ಕೇಳಿದ್ದರೆ ಅದು ಕಡತದ ಸಂಖ್ಯೆಯೆಂದು ತಲೆ ಎತ್ತದೆ ಹೇಳಿಬಿಡುತ್ತಿದ್ದರು. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಬರಹವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರನೆಂಬುದನ್ನು ಮಾತ್ರ ಆತ ದೂರದ ವಾಯವ್ಯದ ಲಿಪಿಯಾದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಊರಿನಲ್ಲಿ ಒಬ್ಬರಿಗೂ ಓದಲಾಗದಂತೆ ಸಹಿ ಹಾಕುವ ಸಂಪ್ರದಾಯ ನಮ್ಮ ಕಚೇರಿಗಳಲ್ಲಿ ಅಂದಿನಿಂದ ಇಂದಿನವರೆಗೆ ಒಂದು ದಿನವೂ ತಪ್ಪಿದಂತಿಲ್ಲ.

ಇಷ್ಟೆಲ್ಲ ಇದ್ದೂ ಅಶೋಕನಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಫ್ಲೆಕ್ಸ್ ಭಾಗ್ಯವಿಲ್ಲ. ಮೊಳಕಾಲ್ಮೂರು ಎಂದರೆ ಮದುವೆಯ ಮನೆಯವರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ, ರಾಜಕಾರಣಿಗಳಿಗೆ ಮೀಸಲು ಕ್ಷೇತ್ರ ನೆನಪಾಗುತ್ತದೆ. ಬಂಡೆ ಯಾರಿಗೂ ನೆನಪಾಗುವುದಿಲ್ಲ. ತಪ್ಪು ಅಶೋಕನದೇ. ಬ್ರಹ್ಮಗಿರಿಯಲ್ಲಿ ಆತ ತನ್ನ ಹೆಸರನ್ನೂ ಹಾಕಿಕೊಂಡಿಲ್ಲ, ‘ದೇವಾನಾಂಪಿಯ’, ಅಂದರೆ ದೇವರಿಗೆ ಪ್ರಿಯನಾದವನು, ಎಂದು ಹೇಳಿ ಮುಗಿಸಿದ್ದಾನೆ. ಹೆಸರು, ಪಕ್ಷ, ಭಾವಚಿತ್ರ ಮೂರೂ ಇಲ್ಲದ ಪ್ರಚಾರ ಸಾಮಗ್ರಿಯನ್ನು ನಮ್ಮ ಜನ ಹೇಗೆ ನಂಬಬೇಕು?

ಜಯಂತಿಯೊಂದರ ಪೂರ್ವಭಾವಿ ಸಭೆಯನ್ನು ಕಂಡವರಿಗೆ ಇದರ ಮರ್ಮ ಗೊತ್ತು. ಸಭಾಂಗಣದಲ್ಲಿ ಹಿಂದಿನ ಸಾಲಿನ ಕುರ್ಚಿಗಳು ಮೊದಲು ತುಂಬುತ್ತವೆ. ಕಳೆದ ವರ್ಷದ ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರು ಬಿಟ್ಟುಹೋದದ್ದನ್ನು ಒಬ್ಬರು ಖಂಡಿಸುತ್ತಾರೆ. ಹೆಸರು ಇತ್ತು, ಆದರೆ ‘ಶ್ರೀಮಾನ್’ ಇರಲಿಲ್ಲ ಎಂದು ಇನ್ನೊಬ್ಬರು ಶಿಷ್ಟಾಚಾರ ಉಲ್ಲಂಘನೆಯ ದೂರು ಕೊಡುತ್ತಾರೆ. ಮೆರವಣಿಗೆಗೆ ಡೊಳ್ಳು ಎಷ್ಟು, ಪೂರ್ಣಕುಂಭ ಎಷ್ಟು, ತಿಂಡಿಗೆ ಕೇಸರಿಬಾತೋ ಮೈಸೂರುಪಾಕೋ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಯಾರ ಜಯಂತಿಯೋ ಅವರು ಬದುಕಿದ್ದಾಗ ಏನು ಮಾಡಿದರೆಂಬ ಪ್ರಶ್ನೆ ಕಾರ್ಯಸೂಚಿಯಲ್ಲಿ ಇರುವುದಿಲ್ಲ. ಅದಕ್ಕೆ ಉಪನ್ಯಾಸಕರೊಬ್ಬರನ್ನು ಗೊತ್ತುಮಾಡಿರುತ್ತಾರೆ, ಅವರಿಗೆ ಹತ್ತು ನಿಮಿಷ.

ಅಂಥ ಸಭೆಯಲ್ಲಿ ನಿವೃತ್ತ ಮೇಷ್ಟರೊಬ್ಬರು ಎದ್ದು ನಿಂತರೆಂದು ಇಟ್ಟುಕೊಳ್ಳಿ.

‘ಸ್ವಾಮಿ, ಬ್ರಹ್ಮಗಿರಿಯ ಅಶೋಕನ ಶಾಸನದ ಬಗ್ಗೆಯೂ ವರ್ಷಕ್ಕೊಂದು ಕಾರ್ಯಕ್ರಮ ಮಾಡಬಹುದಲ್ಲವೇ? ಮಕ್ಕಳನ್ನು ಕರೆದೊಯ್ದು ತೋರಿಸಬಹುದಿತ್ತು.’

ಅಧಿಕಾರಿ ಕನ್ನಡಕ ತೆಗೆಯುತ್ತಾರೆ. ‘ಒಳ್ಳೆಯ ಸಲಹೆ ಮೇಷ್ಟ್ರೇ. ಯಾವ ಸಮುದಾಯದ ಕಡೆಯಿಂದ ಮನವಿ ಬಂದಿದೆ?’

‘ಸಮುದಾಯ ಅಂತೇನಿಲ್ಲ. ಅವನು ಮೌರ್ಯ.’

‘ಮೌರ್ಯ ಎಂದರೆ ನಮ್ಮ ಪಟ್ಟಿಯಲ್ಲಿ ಯಾವ ಪ್ರವರ್ಗಕ್ಕೆ ಬರುತ್ತಾರೆ? ಜಿಲ್ಲಾ ಘಟಕದ ಅಧ್ಯಕ್ಷರು ಯಾರು?’

ಮೇಷ್ಟರು ಕುಳಿತುಕೊಳ್ಳುತ್ತಾರೆ. ನಡವಳಿಯಲ್ಲಿ ‘ಚರ್ಚಿಸಲಾಯಿತು’ ಎಂದು ಬರುತ್ತದೆ.

ಹಾಗೆಂದು ಸರ್ಕಾರಕ್ಕೆ ಇತಿಹಾಸದಲ್ಲಿ ಆಸಕ್ತಿ ಇಲ್ಲವೆಂದು ಯಾರೂ ದೂರುವಂತಿಲ್ಲ. ಒನಕೆ ಓಬವ್ವನ ಜಯಂತಿಯನ್ನು 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಚರಿಸುತ್ತಿದೆ. ಆಚರಿಸಲೇಬೇಕು, ಆ ಕಿಂಡಿಯ ಮುಂದೆ ನಿಂತ ಯಾವ ದುರ್ಗದವನ ಮೈ ಝುಮ್ಮೆನ್ನುವುದಿಲ್ಲ? ನನಗೆ ಬೆರಗಾಗುವುದು ಸರ್ಕಾರದ ಸಂಶೋಧನಾ ಶಕ್ತಿಯನ್ನು ಕಂಡು. ಹದಿನೆಂಟನೆಯ ಶತಮಾನದ ಕಾವಲುಗಾರನೊಬ್ಬನ ಹೆಂಡತಿಯ ಹುಟ್ಟಿದ ದಿನವನ್ನು ತಿಂಗಳು, ತಾರೀಖು ಸಮೇತ ಕಂಡುಹಿಡಿಯಬಲ್ಲ ಅದೇ ಆಡಳಿತ, ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಿಡಿದು ಬಂದು ಕಣ್ಣೆದುರಿಗೇ ಬಾಗಿ ನಿಂತ ಅಜ್ಜಿಗೆ ವಯಸ್ಸಿನ ದಾಖಲೆ ಇಲ್ಲವೆಂದು ವಾಪಸು ಕಳಿಸುತ್ತದೆ. ಆ ಅಜ್ಜಿ ಹೈದರಾಲಿಯ ಕಾಲದಲ್ಲಿ ಹುಟ್ಟಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ.

ಇನ್ನು ಮುಖದ ವಿಷಯ. ಓಬವ್ವನ ಮುಖವನ್ನು ಬರೆದಿಟ್ಟ ಚಿತ್ರಗಾರನಿಲ್ಲ, ಆದ್ದರಿಂದ ಸಿನಿಮಾದಿಂದ ಎರವಲು ತಂದೆವು. ನಾಯಕ ಅರಸರ ಮೀಸೆಯ ಉದ್ದವನ್ನು ಫ್ಲೆಕ್ಸ್ ಅಂಗಡಿಯ ಹುಡುಗ ನಿರ್ಧರಿಸುತ್ತಾನೆ. ಕುದುರೆ ಎಂಥದೇ ಇರಲಿ, ಮುಂಗಾಲು ಮೇಲೆತ್ತಿರಬೇಕು. ಅರಸನ ಎಡಬಲಕ್ಕೆ ‘ಶುಭ ಕೋರುವವರು’ ಎಂಬ ಇಪ್ಪತ್ತು ವೃತ್ತಾಕಾರದ ತಲೆಗಳು. ಅವುಗಳಲ್ಲಿ ಒಂದೆರಡಕ್ಕೆ ಕೂಲಿಂಗ್ ಗ್ಲಾಸ್ ಇರುತ್ತದೆ. ದೂರದಿಂದ ನೋಡಿದವರಿಗೆ 1779ರಲ್ಲಿ ಕೋಟೆ ಬಿದ್ದದ್ದು ಇವರೆಲ್ಲ ಯುದ್ಧದ ಹೊತ್ತಿಗೆ ಸರಿಯಾಗಿ ಬರದೇ ಇದ್ದುದರಿಂದ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಅಶೋಕ ದೂರದವನು, ಬಿಡಿ. ಊರ ಪಕ್ಕದ ಚಂದ್ರವಳ್ಳಿಗೆ ಬರೋಣ. ಅಲ್ಲಿನ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆಲವೇ ಸಾಲು, ಮುಖ್ಯ ಮಾತು ಇಷ್ಟು: ಕದಂಬರ ಮಯೂರಶರ್ಮ ಈ ಕೆರೆಯನ್ನು ಕಟ್ಟಿಸಿದ. ಕೆಲಸ ಮೊದಲು, ಕಲ್ಲು ಆಮೇಲೆ, ಕಟ್ಟಿಸಿದವನ ಹೆಸರು ಒಂದೇ. ನಮ್ಮ ಕಾಲದ ಶಾಸನಶಿಲ್ಪ ಇದಕ್ಕಿಂತ ಎಷ್ಟೋ ಮುಂದುವರಿದಿದೆ. ಕಪ್ಪು ಗ್ರಾನೈಟಿನ ಮೇಲೆ ಹೊನ್ನಿನ ಬಣ್ಣದ ಅಕ್ಷರಗಳಲ್ಲಿ ಉಸ್ತುವಾರಿ ಸಚಿವರು, ಸಂಸದರು, ಶಾಸಕರು, ವಿಧಾನ ಪರಿಷತ್ತಿನ ಸದಸ್ಯರು, ನಿಗಮದ ಅಧ್ಯಕ್ಷರು, ಅವರಿಗೆ ‘ಘನ ಉಪಸ್ಥಿತಿ’, ಇವರಿಗೆ ‘ಗೌರವ ಉಪಸ್ಥಿತಿ’. ಎಲ್ಲ ಹಿಡಿಸಿದ ಮೇಲೆ ಕೆಳಗೆ ಉಳಿದ ಎರಡಂಗುಲ ಜಾಗದಲ್ಲಿ ಗುತ್ತಿಗೆದಾರನ ಹೆಸರು. ಕೆರೆ ಎಲ್ಲಿ ಎಂದು ಕೇಳಬಾರದು, ಇದು ಶಂಕುಸ್ಥಾಪನೆಯ ಕಲ್ಲು. ಸರ್ಕಾರ ಬದಲಾದರೆ ಅದೇ ಜಾಗದಲ್ಲಿ ಇನ್ನೊಂದು ಕಲ್ಲು ಏಳುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಈ ಜಿಲ್ಲೆ ಕತ್ತು ಉದ್ದ ಮಾಡಿ ಕಾದು ಕುಳಿತದ್ದು ಎಲ್ಲರಿಗೂ ಗೊತ್ತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಎಂದು ಓದಿದ್ದನ್ನು ಕೇಳಿ ಪಟಾಕಿಯೂ ಸಿಡಿಯಿತು. ಪಟಾಕಿ ಸಿಡಿಸಿದ ಊರಿನ ನೆತ್ತಿಯ ಮೇಲೆಯೇ, ಬೆಟ್ಟದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೇಹೊಂಡಕ್ಕೆ ಇಳಿಯುವಂತೆ ಯಾವ ಬಜೆಟ್ಟೂ ಇಲ್ಲದೆ ಮಾಡಿಟ್ಟವರಿದ್ದರು. ಆ ವಿದ್ಯೆಗೆ ವಾರಸುದಾರರಾಗಿ ಯಾವ ಸಂಘವೂ ನೋಂದಣಿಯಾದದ್ದನ್ನು ನಾನು ಕೇಳಿಲ್ಲ. ಅರಸನ ಕತ್ತಿಗೆ ಬೇಕಾದಷ್ಟು ವಾರಸುದಾರರು, ಅರಸನ ಹೊಂಡದ ಹೂಳಿಗೆ ಒಬ್ಬರೂ ಇಲ್ಲ.

ಇದೇ ಚಂದ್ರವಳ್ಳಿಯಲ್ಲಿ 1929ರಲ್ಲಿ ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಅವರು ಅಗೆಸಿದರು, 1947ರಲ್ಲಿ ಇನ್ನೊಬ್ಬ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬಂದು ಇಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆಸಿದ. ಪದರ ಪದರವಾಗಿ ಮಣ್ಣು ತೆಗೆದು, ಸಿಕ್ಕ ಬೋಕಿಯ ಚೂರಿಗೂ ಗುರುತು ಹಾಕಿ, ಸಾತವಾಹನರ ನಾಣ್ಯಗಳ ಜೊತೆಗೆ ಸಿಕ್ಕ ರೋಮಿನ ಬೆಳ್ಳಿ ನಾಣ್ಯಗಳ ಆಧಾರದ ಮೇಲೆ ಕಾಲ ನಿರ್ಣಯ ಮಾಡಿದರು. ಪಾಪ, ಎಷ್ಟು ಕಷ್ಟ! ಈಗ ಅಷ್ಟೆಲ್ಲ ಬೇಕಾಗಿಲ್ಲ. ವೇದಿಕೆಯ ಮೇಲೆ ಮೈಕ್ ಹಿಡಿದವರು ‘ನಮ್ಮ ಊರಿಗೆ ಹತ್ತು ಸಾವಿರ ವರ್ಷಗಳ ಇತಿಹಾಸವಿದೆ’ ಎಂದರೆ ಇದೆ. ಚಪ್ಪಾಳೆ ಜೋರಾದರೆ ಮುಂದಿನ ವಾಕ್ಯದಲ್ಲಿ ಇನ್ನೆರಡು ಸಾವಿರ ಸೇರುತ್ತದೆ. ಅಕಸ್ಮಾತ್ ಯಾರಾದರೂ ರೋಮಿನ ನಾಣ್ಯದ ವಿಷಯ ಕಿವಿಯಲ್ಲಿ ಊದಿದರೆ, ಅಗಸ್ಟಸ್ ಚಕ್ರವರ್ತಿ ದಾವಣಗೆರೆಗೆ ಬೆಣ್ಣೆ ದೋಸೆ ತಿನ್ನಲು ಬಂದಾಗ ಚಿಲ್ಲರೆ ಬೀಳಿಸಿಕೊಂಡು ಹೋದ ಎಂದು ಹೇಳಲೂ ಸಿದ್ಧರಿದ್ದಾರೆ.

ದಾವಣಗೆರೆಯ ಹೆಸರು ಬಂದದ್ದರಿಂದ ಹೇಳಿಬಿಡುತ್ತೇನೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಲ್ಲೇಶ್ವರ ಸಾವಿರ ವರ್ಷದಿಂದ ಕುಳಿತಲ್ಲೇ ಕುಳಿತಿದ್ದಾನೆ. ಆದರೂ ಆತ ಮೊದಲು ಬಳ್ಳಾರಿ ಜಿಲ್ಲೆಯವನಾಗಿದ್ದ, 1997ರಲ್ಲಿ ದಾವಣಗೆರೆಯವನಾದ, ಆಮೇಲೆ ಮತ್ತೆ ಬಳ್ಳಾರಿಗೆ ಹೋದ, 2021ರಿಂದ ವಿಜಯನಗರದವನು. ಪ್ರತಿ ಸಲವೂ ಒಂದು ಜಿಲ್ಲೆಯ ಹೆಮ್ಮೆಯ ಪುಸ್ತಿಕೆಯಿಂದ ಅಳಿಸಿ ಇನ್ನೊಂದಕ್ಕೆ ಅಂಟಿಸಿದ್ದಾಯಿತು. ಶಿವನಿಗೆ ವರ್ಗಾವಣೆ ಭತ್ಯೆ ಸಿಕ್ಕಿತೋ ಇಲ್ಲವೋ ತಿಳಿಯದು.

ದೇವರೆಂದ ಮೇಲೆ ಜೀರ್ಣೋದ್ಧಾರ ಬಂದೇ ಬರುತ್ತದೆ. ಹಳ್ಳಿಯೊಂದರ ಕಲ್ಲುಗುಡಿಯ ಮುಂದೆ ನಿಲ್ಲಿ. ಬಾಗಿಲವಾಡದ ಲತೆಯ ಕೆತ್ತನೆಗೆ ಹಸಿರು ಎನಾಮಲ್, ದ್ವಾರಪಾಲಕನ ತುಟಿಗೆ ಕೆಂಪು, ಗದೆಗೆ ಬೆಳ್ಳಿ ಬಣ್ಣ. ನೆಲಕ್ಕೆ ಹಾಸಿದ ನುಣುಪು ಟೈಲ್ಸಿನ ಮೇಲೆ ಒದ್ದೆ ಕಾಲಿಟ್ಟ ಭಕ್ತರು ಸಾಷ್ಟಾಂಗ ಮಾಡುವ ಮೊದಲೇ ಸಾಷ್ಟಾಂಗವಾಗುತ್ತಾರೆ. ಗೋಡೆಗೆ ಅಂಟಿಸಿದ ಒಂದೊಂದು ಬಿಲ್ಲೆಯ ಮೇಲೂ ‘ಸೇವಾಕರ್ತರು’ ಎಂದು ಹೆಸರು, ಕೆಲವರದು ಮೊಬೈಲ್ ಸಂಖ್ಯೆಯ ಸಮೇತ. ಅಂಗಳದಲ್ಲಿದ್ದ ಶಾಸನದ ಕಲ್ಲು ಎಲ್ಲಿ ಎಂದು ಕೇಳಿದರೆ ಸಮಿತಿಯವರು ಮುಗ್ಧವಾಗಿ ಕೈ ತೋರಿಸುತ್ತಾರೆ. ಕೈತೊಳೆಯುವ ನಲ್ಲಿಯ ಕೆಳಗೆ ಅದು ಅಂಗಾತ ಮಲಗಿರುತ್ತದೆ. ಈ ದಾನವನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬರ್ಥದ ಶಾಪವಾಕ್ಯ ಇಂಥ ಕಲ್ಲುಗಳ ಕೊನೆಯಲ್ಲಿ ಇರುವುದು ವಾಡಿಕೆ. ಅನ್ನಸಂತರ್ಪಣೆಯ ದಿನ ಊರಿಗೆ ಊರೇ ಅದರ ಮೇಲೆ ಬಾಯಿ ಮುಕ್ಕಳಿಸುತ್ತದೆ.

ಕಾನೂನು ಇಲ್ಲವೇ? ಇದೆ, ಬಿಗಿಯಾಗಿಯೇ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು 2010ರ ತಿದ್ದುಪಡಿ ಹೇಳುತ್ತದೆ. ಆದರೆ ಚಿತ್ರದುರ್ಗದಲ್ಲಿ ಊರೇ ಕೋಟೆಯ ಹೊರಸುತ್ತುಗಳೊಳಗೆ ಬೆಳೆದಿದೆ. ಬಚ್ಚಲ ಗೋಡೆ ಕುಸಿದ ಬಡವ ಅದನ್ನು ಎತ್ತಿಸಲು ಅನುಮತಿಗಾಗಿ ಅರ್ಜಿ ಬರೆಯುತ್ತಾನೆ. ಕಿಂಡಿಯ ಪಕ್ಕದಲ್ಲಿ ಸುಣ್ಣದ ಕಲ್ಲಿನಿಂದ ತನ್ನ ಪ್ರೇಮವನ್ನು ಘೋಷಿಸುವವನು ಯಾವ ಅರ್ಜಿಯನ್ನೂ ಬರೆಯುವುದಿಲ್ಲ.

ನಿಜ ಹೇಳಬೇಕೆಂದರೆ ಇಡೀ ಜಿಲ್ಲೆಯಲ್ಲಿ ಪುರಾತನ ಕಲ್ಲುಗಳನ್ನು ಮನಸ್ಸಿಟ್ಟು ನೋಡುವವರು ಒಂದೇ ವರ್ಗದವರು, ನಿಧಿಗಳ್ಳರು. ಅವರಿಗೆ ಜಾತಿಭೇದವಿಲ್ಲ, ಪಕ್ಷಭೇದವಿಲ್ಲ, ಶೈವ ವೈಷ್ಣವ ಜೈನ ಎಂಬ ತಾರತಮ್ಯವಿಲ್ಲ. ಅಮಾವಾಸ್ಯೆಯ ರಾತ್ರಿ, ಕರೆಂಟಿಲ್ಲದ ಗುಡ್ಡಕ್ಕೆ, ಸ್ವಂತ ಖರ್ಚಿನಲ್ಲಿ ಹೋಗುತ್ತಾರೆ. ನಿಂಬೆಹಣ್ಣು, ಕುಂಕುಮ, ಹಾರೆ, ಗುದ್ದಲಿ, ಅನುಕೂಲವಿದ್ದವರಿಗೆ ಜೆಸಿಬಿ. ವೀಲರ್ ತಿಂಗಳುಗಟ್ಟಲೆ ತೆಗೆದ ಆಳವನ್ನು ಇವರು ಕೋಳಿ ಕೂಗುವುದರೊಳಗೆ ಮುಟ್ಟುತ್ತಾರೆ. ನಂದಿಯ ಹೊಟ್ಟೆಯಲ್ಲಿ ಚಿನ್ನವಿದೆಯೆಂಬ ಇವರ ಸಿದ್ಧಾಂತ ಇದುವರೆಗೆ ಸಾಬೀತಾಗಿಲ್ಲ, ಆದರೂ ಪ್ರಯೋಗ ನಿಂತಿಲ್ಲ. ಸಿಕ್ಕಿಬಿದ್ದಾಗ ಪೊಲೀಸರು ಮೇಜಿನ ಮೇಲೆ ನಿಂಬೆಹಣ್ಣುಗಳನ್ನು ಸಾಲಾಗಿ ಜೋಡಿಸಿ ಹಿಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಟ್ಟೆ ಸೀಳಿದ ನಂದಿ ಮಾತ್ರ ಮೇಜಿನ ಮೇಲೆ ಹಿಡಿಸುವುದಿಲ್ಲ. ಪ್ರಕರಣದ ಮಾಲು ಎಂದು ಚೀಟಿ ಕಟ್ಟಿ ಅದನ್ನು ಠಾಣೆಯ ಆವರಣದ ಬೇವಿನ ಮರದ ಕೆಳಗೆ, ಅಪಘಾತದ ಬೈಕುಗಳ ಪಕ್ಕದಲ್ಲಿ ಇಡುತ್ತಾರೆ.

ಮುಂದೇನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಮೊದಲ ಸೋಮವಾರ ಯಾರೋ ಹೂವಿಡುತ್ತಾರೆ. ಶ್ರಾವಣಕ್ಕೆ ತಗಡಿನ ಚಪ್ಪರ ಬರುತ್ತದೆ, ಕಾರ್ತೀಕಕ್ಕೆ ಹುಂಡಿ. ಸೀಳಿದ ಹೊಟ್ಟೆಗೆ ಸಿಮೆಂಟು ಮೆತ್ತಿ ಎನಾಮಲ್ ಹೊಡೆಯುತ್ತಾರೆ. ಪ್ರಕರಣ ಇತ್ಯರ್ಥವಾಗಿ ವಸ್ತುಸಂಗ್ರಹಾಲಯದವರು ನಂದಿಯನ್ನು ಒಯ್ಯಲು ಟೆಂಪೊ ತರುವ ದಿನ, ನಂದಿ ತಮ್ಮವನೆನ್ನುವ ಎರಡು ಸಮಿತಿಗಳು ಠಾಣೆಯ ಗೇಟಿನಲ್ಲಿ ಧರಣಿ ಕುಳಿತಿರುತ್ತವೆ. ಬಂದೋಬಸ್ತಿಗೆ ಪಕ್ಕದ ತಾಲ್ಲೂಕಿನಿಂದ ಒಂದು ತುಕಡಿ ಕರೆಸಲಾಗುತ್ತದೆ. ಟೆಂಪೊ ಬಾಡಿಗೆಯ ಬಿಲ್ಲು ಮಂಜೂರಾಗುವುದಿಲ್ಲ, ಏಕೆಂದರೆ ಸಾಗಿಸಿದ ವಸ್ತು ಏನೂ ಇಲ್ಲ.