ಮಳೆಗಾಲಕ್ಕೆ ಮೊದಲೇ ತರಬೇತಿ ಸಿಗಲಿ

ವಿಪತ್ತು ಎದುರಾದಾಗ ತಾವು ಸಜ್ಜಾಗಿಲ್ಲವೆಂದು ಅನೇಕ ಶುಶ್ರೂಷಕರಿಗೆ ಅನ್ನಿಸುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ಯಾರೂ ಅವರ ಧೈರ್ಯದ ಕೊರತೆಯೆಂದು ಓದಿಕೊಳ್ಳಬಾರದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಜನರು ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಗಳನ್ನು ಸೇರಿದರು. ಅಂಥಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದರ ಜೊತೆಗೆ, ರಕ್ತದೊತ್ತಡದ ಮಾತ್ರೆ, ಇನ್ಸುಲಿನ್‌ಗಳನ್ನು ಮನೆಯಲ್ಲೇ ಬಿಟ್ಟು ಬಂದ ವೃದ್ಧರನ್ನೂ ದಿನ ತುಂಬಿದ ಗರ್ಭಿಣಿಯರನ್ನೂ ಗುರುತಿಸಬೇಕು, ಕುಡಿಯುವ ನೀರಿನ ಮೇಲೆ ಕಣ್ಣಿಡಬೇಕು, ಮನೆ ಕಳೆದುಕೊಂಡವರ ಮೌನವನ್ನೂ ಅರಿಯಬೇಕು. ಗಾಯಾಳುಗಳನ್ನು ಚಿಕಿತ್ಸೆಯ ತುರ್ತಿಗೆ ತಕ್ಕಂತೆ ಕೆಂಪು, ಹಳದಿ, ಹಸಿರು, ಕಪ್ಪು ಎಂದು ವಿಂಗಡಿಸುವ ಕ್ರಮವನ್ನು ಪರೀಕ್ಷೆಗಾಗಿ ಮಾತ್ರ ಓದಿದವರು, ಒಬ್ಬರಿಗೆ ಕಪ್ಪು ಗುರುತು, ಅಂದರೆ ಮೃತಪಟ್ಟಿದ್ದಾರೆ ಅಥವಾ ಬದುಕುವ ಸಾಧ್ಯತೆ ತೀರಾ ಕಡಿಮೆ ಎಂಬ ಗುರುತು, ಹಾಕುವ ಕಠಿಣ ನಿರ್ಧಾರವನ್ನು ಮೊದಲ ಬಾರಿಗೆ ನಿಜವಾದ ದುರಂತದಲ್ಲೇ ಮಾಡಬೇಕಾಗಿ ಬರುವುದು ಅನ್ಯಾಯವೆಂದೇ ನನ್ನ ಭಾವನೆ. ಆದ್ದರಿಂದ ಜಿಲ್ಲಾ ಆಸ್ಪತ್ರೆಗಳು ಮೇ ತಿಂಗಳಲ್ಲೇ, ರಾತ್ರಿ ಪಾಳಿಯವರನ್ನೂ ಗುತ್ತಿಗೆ ಸಿಬ್ಬಂದಿಯನ್ನೂ ಸೇರಿಸಿಕೊಂಡು ಅಣಕು ಕಾರ್ಯಾಚರಣೆ ನಡೆಸಬೇಕೆಂದು ಕೋರುತ್ತೇನೆ.